ತಂತಿ ಬೇಲಿಗೆ ಸಾಲ ಮಾಡೋ ಮುಂಚೆ ಕವಳೆ ಬೇಲಿ ಲೆಕ್ಕ ಒಮ್ಮೆ ಹಾಕಿ

ಈ ವಾರ ಬೇಲಿ ವಿಷಯ ಮಾತಾಡೋಣ. ಬಿತ್ತನೆ ಬೀಜ, ಗೊಬ್ಬರ, ಡ್ರಿಪ್ಪು ಅಂತ ಎಲ್ಲದರ ಬಗ್ಗೆ ಪ್ರಶ್ನೆ ಬರುತ್ತೆ. ಆದ್ರೆ ಹೊಸದಾಗಿ ಊರಿಗೆ ವಾಪಸ್ ಬಂದು ತೋಟ ಕಟ್ಟೋಕೆ ಹೊರಟ ಹುಡುಗರು ಮೊದಲು ದುಡ್ಡು ಸುರಿಯೋದು ಬೇಲಿಗೆ. ಕಲ್ಲುಕಂಬ, ಮುಳ್ಳುತಂತಿ, ಕೂಲಿ ಎಲ್ಲ ಸೇರಿ ಬಿಲ್ಲು ಬಂದಾಗ, ಸಸಿ ತರೋಕೆ ಇಟ್ಟಿದ್ದ ದುಡ್ಡೂ ಅದರಲ್ಲೇ ಹೋಗಿರುತ್ತೆ.

ಇನ್ನು ಕೆಲವರು ಇಂಗ್ಲೆಂಡಿನ ತೋಟಗಳ ರೀಲ್ಸ್ ನೋಡಿ, ಗೋಡೆ ಹಾಗೆ ನೀಟಾಗಿ ಕತ್ತರಿಸಿದ ಹಸಿರು ಬೇಲಿ ತೋರಿಸಿ, "ಈ ಗಿಡ ನಮ್ಮಲ್ಲಿ ಬರುತ್ತಾ?" ಅಂತ ಕೇಳ್ತಾರೆ. ಅದರಲ್ಲಿ ಬಹಳಷ್ಟು ಬೀಚ್ ಅನ್ನೋ ಮರದ ಬೇಲಿ. ಅದು ಯೂರೋಪಿನ ಚಳಿಯ ಮರ. ನಮ್ಮ ಬಯಲುಸೀಮೆ ಬಿಸಿಲಿಗೆ ಅದು ತಡೆಯಲ್ಲ, ಹುಡುಕೋಕೆ ಹೋಗಬೇಡಿ. ಆದ್ರೆ ಅಲ್ಲಿನವರು ಆ ಬೇಲಿಯನ್ನ ಕಟ್ಟೋ ಕ್ರಮ ಇದೆಯಲ್ಲ, ಅದು ನಮ್ಮ ಗಿಡಗಳಿಗೂ ಹೊಂದುತ್ತೆ. ಅದನ್ನ ಮುಂದೆ ಹೇಳ್ತೀನಿ.

ನಮ್ಮದು ಅರಸೀಕೆರೆ ಕಡೆ, ಕೆಂಪು ಮಣ್ಣು, ತೆಂಗು ಮತ್ತು ರಾಗಿ. ಐದು ವರ್ಷದ ಹಿಂದೆ ಮೂರು ಎಕರೆಗೆ ಕವಳೆ ಗಿಡದ ಬೇಲಿ ಶುರು ಮಾಡಿದೆ. ಇವತ್ತು ಅದು ಎದೆಮಟ್ಟ ದಾಟಿ ನಿಂತಿದೆ, ಮೇಕೆ ನುಗ್ಗಲ್ಲ. ಅದನ್ನ ಕಟ್ಟಿದ ರೀತಿ, ಅದರ ಲೆಕ್ಕ, ಅದು ಏನನ್ನ ತಡೆಯುತ್ತೆ, ಏನನ್ನ ತಡೆಯಲ್ಲ, ಎಲ್ಲಾ ಇಲ್ಲಿ ಬರೆದಿದ್ದೀನಿ.

ಮೊದಲು ಸುತ್ತಳತೆ ಲೆಕ್ಕ

ಬೇಲಿ ಖರ್ಚು ಎಕರೆ ಲೆಕ್ಕದಲ್ಲಿ ಬರಲ್ಲ, ಸುತ್ತಳತೆ ಲೆಕ್ಕದಲ್ಲಿ ಬರುತ್ತೆ. ಒಂದು ಎಕರೆ ಅಂದ್ರೆ 43,560 ಚದರ ಅಡಿ. ಜಮೀನು ಸರಿಯಾಗಿ ಚೌಕವಾಗಿದ್ರೆ ಒಂದು ಬದಿ ಸುಮಾರು 209 ಅಡಿ, ಸುತ್ತಳತೆ ಸುಮಾರು 835 ಅಡಿ. ಅದೇ ಒಂದು ಎಕರೆ 100 ಅಡಿ ಅಗಲದ ಉದ್ದ ಪಟ್ಟಿಯಾಗಿದ್ರೆ ಸುತ್ತಳತೆ 1,070 ಅಡಿ ದಾಟುತ್ತೆ. ನಾಲ್ಕು ಎಕರೆ ಚೌಕ ಇದ್ರೆ ಒಟ್ಟು 1,670 ಅಡಿ, ಅಂದ್ರೆ ಎಕರೆಗೆ 418 ಅಡಿ ಮಾತ್ರ. ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಬೇಲಿ ಹಾಕೋದು ಯಾಕೆ ದುಬಾರಿ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಈಗ 835 ಅಡಿಗೆ ತಂತಿ ಬೇಲಿ ಲೆಕ್ಕ ಹಾಕಿ. ಎಂಟು ಅಡಿಗೊಂದು ಕಂಬ ಅಂದ್ರೆ 105 ಕಂಬ. ಐದು ಎಳೆ ತಂತಿ ಅಂದ್ರೆ 4,175 ಅಡಿ, ಹತ್ತಿರ ಹತ್ತಿರ 1,275 ಮೀಟರ್. ಇದರ ಮೇಲೆ ಮೂಲೆ ಕಂಬಕ್ಕೆ ಊರೆ ಕಲ್ಲು, ಕಟ್ಟು ತಂತಿ, ಗುಂಡಿ ತೆಗೆಯೋ ಕೂಲಿ, ಸಾಗಾಣಿಕೆ. ನಿಮ್ಮೂರಿನ ಇವತ್ತಿನ ರೇಟು ಕೇಳಿ, ಫೋನಿನ ಕ್ಯಾಲ್ಕುಲೇಟರಲ್ಲಿ ಗುಣಿಸಿ.

ಅದೇ 835 ಅಡಿಗೆ ಕವಳೆ ಬೇಲಿ ಅಂದ್ರೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ಒಂದು ಸಾಲಿಗೆ 334 ಗಿಡ, ಎರಡಕ್ಕೆ 668. ಒಣಗಿದ ಜಾಗ ತುಂಬೋಕೆ ನೂರಕ್ಕೆ ಹತ್ತರಂತೆ ಹೆಚ್ಚು ಇಟ್ಟುಕೊಂಡ್ರೆ 735 ಸಸಿ. ಸಸಿ ನೀವೇ ಮಾಡಿಕೊಂಡ್ರೆ ಖರ್ಚು ಅಂದ್ರೆ ಚೀಲ, ಗೊಬ್ಬರ, ಕೂಲಿ ಅಷ್ಟೇ. ಆದ್ರೆ ಒಂದು ಮಾತು: ತಂತಿ ಬೇಲಿ ನಾಳೆಯಿಂದಲೇ ಕೆಲಸ ಮಾಡುತ್ತೆ. ಕವಳೆ ಬೇಲಿ ಮೂರು ವರ್ಷ ಕೇಳುತ್ತೆ. ದುಡ್ಡಿನ ಬದಲು ಸಮಯ ಕೊಡ್ತೀರಿ, ಇದೇ ವ್ಯವಹಾರ.

ಗಿಡ ನೆಡೋ ಮುಂಚೆ ಗಡಿ ಖಚಿತ ಮಾಡ್ಕೊಳ್ಳಿ

ತಂತಿ ಬೇಲಿ ತಪ್ಪಾದ್ರೆ ಕಿತ್ತು ಬೇರೆ ಕಡೆ ಹಾಕಬಹುದು. ಬೆಳೆದ ಗಿಡದ ಬೇಲಿಯನ್ನ ಎರಡು ಅಡಿ ಆಚೆ ಸರಿಸೋಕಾಗಲ್ಲ. ಹಾಗಾಗಿ ಗಡಿ ಅಳತೆ ಮೊದಲು, ಗುಂಡಿ ಆಮೇಲೆ.

ದಿಶಾಂಕ್ ಆ್ಯಪ್ ಎಲ್ಲರ ಫೋನಲ್ಲೂ ಇರುತ್ತೆ. ನಿಂತ ಜಾಗದ ಸರ್ವೆ ನಂಬರ್ ತಿಳ್ಕೊಳ್ಳೋಕೆ ಒಳ್ಳೇದು. ಆದ್ರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಅದನ್ನ ನಂಬಿ ಬೇಲಿ ಗೆರೆ ಹಾಕಬೇಡಿ. ಬಾಂದು ಕಲ್ಲು ಕಾಣದಿದ್ರೆ, ಬದು ಸವೆದು ಹೋಗಿದ್ರೆ, ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅವರ ಎದುರಲ್ಲೇ ಅಳೆದು ಗಡಿ ತೋರಿಸ್ತಾರೆ. ನಕಾಶೆಯಲ್ಲಿ ದಾರಿ ಇದ್ರೆ ಅದನ್ನ ಬಿಟ್ಟೇ ಬೇಲಿ ಹಾಕಬೇಕು. ಬಂಡಿದಾರಿ ಮುಚ್ಚಿ ಹಾಕಿದ ಬೇಲಿ ಇವತ್ತಲ್ಲ ನಾಳೆ ಕಿತ್ತೇ ಕೀಳ್ತಾರೆ.

ನಮ್ಮ ಜಮೀನಿನ ಪಡುವಣ ಬದು ದೊಡ್ಡಪ್ಪನ ಹೊಲಕ್ಕೆ ಸೇರುತ್ತೆ. ಅಪ್ಪ ಮತ್ತು ದೊಡ್ಡಪ್ಪ ಪಾಲಾಗಿ ಇಪ್ಪತ್ತು ವರ್ಷ ಆಗಿತ್ತು. ಪ್ರತಿ ವರ್ಷ ಉಳುಮೆ ಟೈಮಲ್ಲಿ ಬದುವಿನ ಬಗ್ಗೆ ಒಂದು ಮಾತು ಬಂದೇ ಬರೋದು, ಆಮೇಲೆ ಹಬ್ಬದವರೆಗೂ ಎರಡು ಮನೆಗೂ ಮಾತಿಲ್ಲ. ಇದರ ಮೇಲೆ ಅವರ ಹನ್ನೆರಡು ಮೇಕೆ. ನಾನು ಬೇಲಿ ಹಾಕ್ತೀನಿ ಅಂದಾಗ ಅಪ್ಪನಿಗೇ ಭಯ ಇತ್ತು, ಜಗಳ ಕೋರ್ಟಿಗೆ ಹೋಗುತ್ತೆ ಅಂತ.

ನಾನು ಹೋಗಿ ಹೇಳಿದೆ, "ದೊಡ್ಡಪ್ಪ, ಹದ್ದುಬಸ್ತು ಮಾಡಿಸೋಣ. ಫೀಸು ನಾನೇ ಕಟ್ತೀನಿ. ಅಳತೆ ಟೈಮಲ್ಲಿ ನೀವೂ ಜೊತೇಲಿರಿ."

ಅವರು ಬೀಡಿ ಕೆಳಗಿಟ್ಟು ಕೇಳಿದ್ರು, "ಅಳತೆ ಮಾಡಿಸೋದು ಅಂದ್ರೆ ನನ್ ಮೇಲೆ ನಂಬಿಕೆ ಇಲ್ಲ ಅಂತಾನೇನೋ?"

"ನಂಬಿಕೆ ಇರೋದಕ್ಕೇ ನಿಮ್ಮನ್ನ ಮೊದಲು ಕೇಳ್ತಿರೋದು. ನಾಳೆ ನಿಮ್ ಮೊಮ್ಮಕ್ಕಳೂ ನನ್ ಮಕ್ಕಳೂ ಇದೇ ಬದು ಮೇಲೆ ನಿಂತು ಬೈದಾಡಬಾರದು ಅಂತ."

ಅಳತೆ ಆಯ್ತು. ಮೇಲ್ತುದಿಯಲ್ಲಿ ಬದು ಅವರ ಕಡೆಗೆ ಸರಿದಿತ್ತು, ಕೆಳತುದಿಯಲ್ಲಿ ನಮ್ಮ ಕಡೆಗೆ. ಮಳೆ ನೀರು, ನೇಗಿಲು, ಟ್ರ್ಯಾಕ್ಟರ್ ಎಲ್ಲಾ ಸೇರಿ ಇಪ್ಪತ್ತು ವರ್ಷದಲ್ಲಿ ಬದುವನ್ನ ಓರೆ ಮಾಡಿದ್ವು. ಯಾರೂ ಯಾರದ್ದೂ ತಿಂದಿರಲಿಲ್ಲ. ಅವತ್ತು ಸಂಜೆ ದೊಡ್ಡಪ್ಪ ನಮ್ಮ ಮನೇಲಿ ಕಾಫಿ ಕುಡಿದ್ರು. ಗಡಿ ಗೆರೆ ಮೇಲೇ ಬೇಲಿ ಹಾಕೋಕೆ ಒಪ್ಪಿದ್ರು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿದ್ವಿ: ಬೇಲಿ ಇಬ್ಬರದ್ದೂ. ಅವರವರ ಕಡೆ ಅವರವರೇ ಕತ್ತರಿಸಬೇಕು. ಅವರವರ ಕಡೆ ಹಣ್ಣು ಅವರವರಿಗೆ. ಎರಡು ವರ್ಷ ಆ ಬದು ಕಡೆ ಮೇಕೆ ಬಿಡಂಗಿಲ್ಲ, ಅದಕ್ಕೆ ಬದಲು ನಮ್ಮ ತೋಟದ ಗ್ಲಿರಿಸಿಡಿಯಾ ಸೊಪ್ಪು ನಾನು ಕೊಡಬೇಕು.

ಪಕ್ಕದವರು ಒಪ್ಪದಿದ್ರೆ ಗಡಿಯಿಂದ ಮೂರು ಅಡಿ ಒಳಗೆ, ನಿಮ್ಮ ಜಾಗದಲ್ಲೇ ನೆಡಿ. ಬೆಳೆದ ಬೇಲಿ ಮೂರರಿಂದ ನಾಲ್ಕು ಅಡಿ ದಪ್ಪ ಆಗುತ್ತೆ, ಆಚೆ ಬದಿ ಕತ್ತರಿಸೋಕೂ ನೀವು ನಿಲ್ಲೋ ಜಾಗ ಬೇಕು.

ಯಾವ ಗಿಡ ಯಾವ ಕೆಲಸಕ್ಕೆ

ಎಲ್ಲಾ ಕಡೆಗೂ ಒಂದೇ ಗಿಡ ಅಂತಿಲ್ಲ. ನಿಮ್ಮ ಊರಿನ ಹಳೇ ಬೇಲಿಗಳನ್ನ ಒಂದು ಸುತ್ತು ನೋಡ್ಕೊಂಡು ಬನ್ನಿ. ಅಲ್ಲಿ ಬದುಕಿರೋದು ನಿಮ್ಮಲ್ಲೂ ಬದುಕುತ್ತೆ.

ಕವಳೆ: ಕರಾವಳಿ ಕಡೆ ಕರಂಡೆ ಅಂತಾರೆ. ಮುಳ್ಳು ಗಟ್ಟಿ, ಕವಲೊಡೆದಿರುತ್ತೆ. ವರ್ಷವಿಡೀ ಹಸಿರು. ಬೇರು ಹಿಡಿದ ಮೇಲೆ ನೀರು ಕೇಳಲ್ಲ. ಕಲ್ಲು ಮಣ್ಣಲ್ಲೂ ಬರುತ್ತೆ, ನೀರು ನಿಲ್ಲೋ ಜಾಗ ಮಾತ್ರ ಆಗಲ್ಲ. ಹಣ್ಣೂ ಸಿಗುತ್ತೆ. ಬಯಲುಸೀಮೆಗೆ ನನ್ನ ಮೊದಲ ಆಯ್ಕೆ ಇದೇ.

ಗ್ಲಿರಿಸಿಡಿಯಾ: ಗೊಬ್ಬರದ ಗಿಡ ಅಂತೀವಲ್ಲ, ಅದೇ. ಕಡ್ಡಿ ನೆಟ್ಟರೆ ಬರುತ್ತೆ, ಬೇಗ ಬೆಳೆಯುತ್ತೆ, ಸೊಪ್ಪು ಒಳ್ಳೆ ಹಸಿರು ಗೊಬ್ಬರ. ಆದ್ರೆ ಮುಳ್ಳಿಲ್ಲ. ಇದೊಂದನ್ನೇ ನೆಟ್ಟರೆ ಸಂದಿಯಲ್ಲಿ ಮೇಕೆ ನುಗ್ಗುತ್ತೆ. ಇದನ್ನ ಬೇಲಿಯ ಕಂಬವಾಗಿ ಬಳಸಿ, ಎಂಟು ಅಡಿಗೊಂದರಂತೆ. ಬೇರು ಹಿಡಿದ ಮೇಲೆ ಎರಡು ಎಳೆ ತಂತಿ ಇದಕ್ಕೇ ಕಟ್ಟಬಹುದು.

ಲಕ್ಕಿ: ದನ, ಮೇಕೆ ಬಾಯಿ ಹಾಕಲ್ಲ. ಕಡ್ಡಿಯಿಂದ ಬರುತ್ತೆ. ಹಳ್ಳದ ಬದಿ, ತೇವದ ಜಾಗಕ್ಕೆ ಚೆನ್ನಾಗಿ ಹೊಂದುತ್ತೆ. ಕಾಳು ತುಂಬಿಡುವಾಗ ಇದರ ಒಣ ಎಲೆ ಹಾಕೋದು ಅಜ್ಜಿ ಕಾಲದಿಂದ ಇದೆ.

ಕತ್ತಾಳೆ: ತೀರಾ ಒಣ ಭೂಮಿ, ಇಳಿಜಾರು, ಮಣ್ಣು ಕೊಚ್ಚಿ ಹೋಗೋ ಅಂಚಿಗೆ. ಬುಡದಲ್ಲಿ ಬರೋ ಮರಿ ಕಿತ್ತು ನೆಟ್ಟರೆ ಸಾಕು. ಒಂದು ಸಲ ಹೂಕಂಬ ಎತ್ತಿದ ಮೇಲೆ ಆ ಗಿಡ ಸಾಯುತ್ತೆ, ಅಷ್ಟರಲ್ಲಿ ಮರಿಗಳು ಜಾಗ ತುಂಬಿರುತ್ತವೆ. ಎಲೆ ತುದಿ ಮುಳ್ಳು ಕಣ್ಣಿಗೆ ಅಪಾಯ, ದಾರಿ ಬದಿ ಬೇಡ.

ಕಳ್ಳಿ: ಎಲೆಯಿಲ್ಲದ, ಬೆರಳು ದಪ್ಪದ ಹಸಿರು ಕಡ್ಡಿಗಳ ಕಳ್ಳಿ ಬೇಲಿ ನಮ್ಮ ಹಳೇ ಊರುಗಳಲ್ಲಿ ಇನ್ನೂ ಇದೆ. ನೀರೇ ಬೇಡ. ಆದ್ರೆ ಇದರ ಹಾಲು ಕಣ್ಣಿಗೆ ಬಿದ್ರೆ ತುಂಬಾ ಉರಿ, ದೃಷ್ಟಿಗೇ ತೊಂದರೆ ಆಗಬಹುದು. ಮಕ್ಕಳು ಓಡಾಡೋ ಮನೆ ಹತ್ತಿರ ಬೇಡ.

ಬೇಡವೇ ಬೇಡ ಅನ್ನೋದು ಎರಡು: ಬಳ್ಳಾರಿ ಜಾಲಿ ಮತ್ತು ಲಾಂಟಾನ. ಎರಡೂ ಬೇಲಿ ದಾಟಿ ಹೊಲಕ್ಕೆ, ಗೋಮಾಳಕ್ಕೆ, ಕೆರೆ ಅಂಗಳಕ್ಕೆ ಹಬ್ಬುತ್ತವೆ. ಆಮೇಲೆ ಕೀಳೋಕೆ ಜೆಸಿಬಿಯೇ ಬೇಕು.

ಸಸಿ ಮಾಡೋದು

ಕವಳೆ ಹಣ್ಣು ನಮ್ಮ ಕಡೆ ಮುಂಗಾರಿನ ಆಸುಪಾಸಲ್ಲಿ ಮಾಗುತ್ತೆ. ಪೂರ್ತಿ ಕಪ್ಪಾದ ಹಣ್ಣು ಆರಿಸಿ, ಕಿವುಚಿ, ಬೀಜ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ ತಕ್ಷಣ ಬಿತ್ತಬೇಕು. ಈ ಬೀಜ ಇಟ್ಟಷ್ಟೂ ಮೊಳೆಯೋ ಶಕ್ತಿ ಕಳ್ಕೊಳ್ಳುತ್ತೆ. ಹೋದ ವರ್ಷದ ಬೀಜ ಯಾರಾದ್ರೂ ಕೊಟ್ರೆ ತಗೋಬೇಡಿ. ಮಣ್ಣು, ಮರಳು, ಕಾಂಪೋಸ್ಟ್ ಸಮ ಬೆರೆಸಿದ ಮಡಿಯಲ್ಲಿ ಬಿತ್ತಿ, ನಾಲ್ಕೆಲೆ ಬಂದ ಮೇಲೆ ಚೀಲಕ್ಕೆ ಹಾಕಿ. ಸಸಿ ನಿಧಾನ. ಈ ಮಳೆಗಾಲ ಬಿತ್ತಿದ್ದು ಮುಂದಿನ ಮುಂಗಾರಿಗೆ ನೆಡೋಕೆ ಸಿದ್ಧ.

ಈ ವರ್ಷವೇ ನೆಡಬೇಕು ಅಂದ್ರೆ ನರ್ಸರಿ ಸಸಿ ತನ್ನಿ. ತೋಟಗಾರಿಕೆ ಇಲಾಖೆ, ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮೊದಲು ವಿಚಾರಿಸಿ, ಇಷ್ಟು ಸಸಿ ಬೇಕು ಅಂತ ಮುಂಚೆಯೇ ಹೇಳಿಡಿ. ಎತ್ತರದ ಸಸಿ ನೋಡಿ ಮೋಸ ಹೋಗಬೇಡಿ. ಒಂದು ಅಡಿ ಎತ್ತರ, ಬುಡದಿಂದಲೇ ಎರಡು ಮೂರು ಕವಲು ಇರೋ ಸಸಿ ಬೇಲಿಗೆ ಉತ್ತಮ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ರೆ ಬೇಡ.

ಗ್ಲಿರಿಸಿಡಿಯಾಕ್ಕೆ ಬಲಿತ ಕೊಂಬೆ, ಹೆಬ್ಬೆರಳಿಗಿಂತ ದಪ್ಪ, ಐದರಿಂದ ಆರು ಅಡಿ ಉದ್ದ. ಎರಡೂ ತುದಿ ಓರೆಯಾಗಿ ಕತ್ತರಿಸಿ. ದಪ್ಪ ತುದಿ ಕೆಳಗೆ, ಒಂದು ಅಡಿ ಆಳ. ಮೊದಲ ಹದ ಮಳೆಗೆ ನೆಡಿ. ತೊಗಟೆ ಸುಲಿಯದ ಹಾಗೆ ಹಾರೆಯಲ್ಲಿ ಮೊದಲು ಗುಂಡಿ ಮಾಡಿ ಆಮೇಲೆ ಇಳಿಸಿ, ಸುತ್ತಿಗೆ ಹೊಡೆದು ಇಳಿಸಬೇಡಿ. ಗೆದ್ದಲು ಇರೋ ಮಣ್ಣಾದ್ರೆ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ.

ನೆಡೋ ಕ್ರಮ

ಹಗ್ಗ ಎಳೆದು ಗೆರೆ ಹಾಕಿ. ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆಯಿರಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ. ತುಂಬುವಾಗ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತಳಕ್ಕೆ ಹಾಕಿ. ಕೆಳಮಣ್ಣನ್ನ ಹೊರಬದಿಗೆ ಏರಿ ಮಾಡಿ. ಮಲೆನಾಡಲ್ಲಿ ಅಗಳು ತೆಗೆದು, ಮಣ್ಣನ್ನ ಒಳಗೆ ಏರಿ ಹಾಕಿ, ಏರಿ ಮೇಲೆ ಗಿಡ ನೆಡ್ತಾರೆ. ಅಲ್ಲಿ ಮಳೆ ಜಾಸ್ತಿ, ಅದೇ ಸರಿ. ಬಯಲುಸೀಮೇಲಿ ಗಿಡ ತಗ್ಗಲ್ಲಿರಬೇಕು, ಬಿದ್ದ ನೀರು ಬುಡಕ್ಕೆ ಬರಬೇಕು.

ಎರಡು ಸಾಲು, ಸಾಲಿನ ನಡುವೆ ಒಂದೂವರೆ ಅಡಿ. ಒಂದು ಸಾಲಿನ ಎರಡು ಗಿಡದ ಮಧ್ಯದ ಸಂದಿಗೆ ಇನ್ನೊಂದು ಸಾಲಿನ ಗಿಡ ಬರೋ ಹಾಗೆ, ಅಡ್ಡ ತಪ್ಪಿಸಿ ನೆಡಿ. ಇದೇ ಬೀಚ್ ಬೇಲಿಯವರ ಮೊದಲ ಪಾಠ. ಒಂದೇ ಸಾಲು ನೆಟ್ಟರೆ ಒಂದು ಗಿಡ ಸತ್ತರೂ ಅಲ್ಲಿ ಬಾಗಿಲು ತೆರೆದ ಹಾಗೆ.

ಗೇಟಿಗೆ ಕನಿಷ್ಠ 14 ಅಡಿ ಬಿಡಿ. ಈಗ ಬೈಕಲ್ಲಿ ಹೋಗ್ತೀರಿ, ನಾಳೆ ಟ್ರ್ಯಾಕ್ಟರ್ ಟ್ರೈಲರ್ ತಿರುಗಬೇಕು. ಬೋರ್‌ವೆಲ್ ಲಾರಿನೂ ಒಳಗೆ ಬರಬೇಕಾಗುತ್ತೆ.

ಮೊದಲ ಎರಡು ವರ್ಷ

ಬೇಲಿಗೇ ಬೇಲಿ ಬೇಕಾಗೋ ಕಾಲ ಇದು. ಸಸಿ ಮೊಣಕಾಲೆತ್ತರ ಇರುವಾಗ ಮುಳ್ಳು ಎಳೆದು, ಮೇಕೆ ಚಿಗುರು ಕಿತ್ತರೆ ಒಂದು ವರ್ಷ ಹಿಂದೆ ಬಿದ್ದ ಹಾಗೆ. ಹೊರಬದಿಗೆ ಜಾಲಿ ಮುಳ್ಳಿನ ಕೊಂಬೆ ಹೊದಿಸಿ, ಕಲ್ಲು ಹೇರಿಡಿ. ಒಣಮುಳ್ಳು ಒಂದೂವರೆ ವರ್ಷಕ್ಕೆ ಗೆದ್ದಲು ತಿಂದು ಮಣ್ಣಾಗುತ್ತೆ, ಒಂದು ಸಲ ಬದಲಾಯಿಸಬೇಕು.

ಒಣಮುಳ್ಳು ನಂಬಿ ಬದುಕೋಕಾಗಲ್ಲ ಅನ್ನೋದಕ್ಕೆ ಒಂದು ಹಳೇ ಕತೆ ಇದೆ. ಬ್ರಿಟಿಷರು ಉಪ್ಪಿನ ತೆರಿಗೆ ತಪ್ಪಿಸಿ ಸಾಗಿಸೋದನ್ನ ತಡೆಯೋಕೆ ಉತ್ತರ ಭಾರತದಲ್ಲಿ ನೂರಾರು ಮೈಲಿ ಉದ್ದದ ಮುಳ್ಳುಬೇಲಿ ಕಟ್ಟಿದ್ರು. ಮೊದಲು ಒಣಮುಳ್ಳು ಜೋಡಿಸಿದ್ರು. ಅದನ್ನ ಗೆದ್ದಲು ತಿಂತು, ಬೆಂಕಿ ಸುಡ್ತು, ಬಿರುಗಾಳಿ ಹಾರಿಸ್ತು. 1867ರಿಂದ 1870ರವರೆಗೆ ಆ ಸುಂಕದ ಕಮಿಷನರ್ ಆಗಿದ್ದವರು ಎ.ಒ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟಿಗೆ ಕಾರಣರಾದವರು. ಅವರ ಕಾಲದಲ್ಲಿ ಜೀವಂತ ಗಿಡದ ಬೇಲಿಗೆ ಒತ್ತು ಸಿಕ್ತು. ಅದರಲ್ಲಿ ಜಾಲಿ, ಬೋರೆ, ಪಾಪಾಸುಕಳ್ಳಿ ಜೊತೆ ನಮ್ಮ ಕವಳೆಯೂ ಇತ್ತು. ಬಡವರ ಉಪ್ಪಿಗೆ ಕಾವಲು ಹಾಕಿದ ಆ ಬೇಲಿ ಒಳ್ಳೇ ಕೆಲಸಕ್ಕೆ ಕಟ್ಟಿದ್ದಲ್ಲ. 1879ರಲ್ಲಿ ಅದನ್ನ ಕೈಬಿಟ್ರು. ಕಾವಲು, ಕತ್ತರಿ ನಿಂತ ಮೇಲೆ ಬೇಲಿಯೂ ಉಳೀಲಿಲ್ಲ. ನಮಗೆ ಬೇಕಾದ ಪಾಠ ಇಷ್ಟೇ: ಮಣ್ಣಿಗೆ ಹೊಂದೋ ಗಿಡ ಆರಿಸಿ, ಜೀವಂತ ಬೇಲಿ ಕಟ್ಟಿ, ನೋಡ್ಕೊಳ್ಳೋದು ನಿಲ್ಲಿಸಬೇಡಿ.

ನೀರು: ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಸಲ ಗಿಡಕ್ಕೆ ಅರ್ಧ ಕೊಡ. ಎರಡನೇ ಬೇಸಿಗೆ ಹದಿನೈದು ದಿನಕ್ಕೊಂದು ಸಲ. ಮೂರನೇ ವರ್ಷ ನಾನು ನೀರು ಕೊಟ್ಟಿಲ್ಲ. ಹಳೇ ಡ್ರಿಪ್ ಪೈಪ್ ಇದ್ರೆ ಬೇಲಿಗೆ ಎಳೀರಿ. ಬುಡಕ್ಕೆ ತೆಂಗಿನ ಸಿಪ್ಪೆ, ರಾಗಿ ಹುಲ್ಲು ಮುಚ್ಚಿಗೆ ಹಾಕಿದ್ರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತೆ. ಸತ್ತ ಗಿಡದ ಜಾಗವನ್ನ ಅದೇ ವರ್ಷ ತುಂಬಿ. ಅಕ್ಕಪಕ್ಕದವು ಬೆಳೆದ ಮೇಲೆ ನೆಟ್ಟ ಸಸಿ ನೆರಳಲ್ಲಿ ಮೇಲೇಳಲ್ಲ.

ಕತ್ತರಿಯೇ ಬೇಲಿ ಕಟ್ಟೋದು

ಬೇಲಿ ಹಾಳಾಗೋದು ಹೆಚ್ಚಾಗಿ ಇಲ್ಲೇ. ಬೇಗ ಎತ್ತರ ಆಗಲಿ ಅಂತ ಕತ್ತರಿಸದೇ ಬಿಡ್ತಾರೆ. ಗಿಡ ಮೇಲೆ ಕೊಡೆ ಹಾಗೆ ಹರಡಿ, ಬುಡ ಬರಿದಾಗುತ್ತೆ. ಮೇಕೆ, ನಾಯಿ, ಹಂದಿ ಎಲ್ಲಾ ನುಗ್ಗೋದು ಬುಡದಲ್ಲೇ.

ನೆಟ್ಟು ಚಿಗುರು ಹಿಡಿದ ಮೇಲೆ ಒಂದು ಅಡಿ ಸಸಿಯನ್ನ ಮುಕ್ಕಾಲು ಅಡಿಗೆ ತುಂಡು ಮಾಡಿ. ಹೊಟ್ಟೆ ಉರಿಯುತ್ತೆ, ಆದ್ರೂ ಮಾಡಿ. ತುದಿ ಹೋದ್ರೆ ಪಕ್ಕದ ಮೊಗ್ಗು ಒಡೆದು ಎರಡು ಮೂರು ಕವಲು ಬರುತ್ತೆ. ಆ ಕವಲು ಒಂದೂವರೆ ಅಡಿ ಆದಾಗ ಮತ್ತೆ ನಾಲ್ಕು ಬೆರಳು ಕತ್ತರಿಸಿ. ಹೀಗೆ ಅರ್ಧ ಅಡಿ, ಅರ್ಧ ಅಡಿ ಮೇಲೆ ಬಿಡ್ತಾ, ಪ್ರತಿ ಸಲ ತುದಿ ತೆಗೀತಾ ಐದು ಅಡಿಗೆ ತನ್ನಿ.

ಆಕಾರ ಮುಖ್ಯ: ಬುಡ ಅಗಲ, ತಲೆ ಕಿರಿದು. ರಾಗಿ ಮುದ್ದೆ ಆಕಾರ ಅಂದ್ಕೊಳ್ಳಿ, ಕೊಡೆ ಆಕಾರ ಅಲ್ಲ. ಆಗ ಬುಡದ ಎಲೆಗೂ ಬಿಸಿಲು ಬೀಳುತ್ತೆ, ಬುಡ ಹಸಿರಾಗಿರುತ್ತೆ. ಬೀಚ್ ಬೇಲಿಯವರ ಎರಡನೇ ಪಾಠ ಇದು. ಬೇಲಿಗೆ ನೆಟ್ಟ ಗಿಡವೂ ಎಷ್ಟು ಎತ್ತರ ಹೋಗಬಲ್ಲದು ಅನ್ನೋದಕ್ಕೆ ಸ್ಕಾಟ್ಲೆಂಡಿನ ಮೈಕಲ್‌ಊರ್ ಬೀಚ್ ಬೇಲಿಯೇ ಸಾಕ್ಷಿ. 1745ರಲ್ಲಿ ನೆಟ್ಟ ಬೇಲಿ ಅದು. ಈಗ 30 ಮೀಟರ್ ಎತ್ತರ, 530 ಮೀಟರ್ ಉದ್ದ. ಬೀಚ್ ಹುಟ್ಟಿನಿಂದ ದೊಡ್ಡ ಮರ, ಬೇಲಿಯಾಗಿ ನಿಲ್ಲಿಸೋದು ಕತ್ತರಿ ಮಾತ್ರ.

ಯಾವಾಗ ಕತ್ತರಿಸಬೇಕು? ಹಣ್ಣು ಕಿತ್ತು ಮುಗಿದ ಮೇಲೆ ಮಳೆಗಾಲದಲ್ಲಿ ಒಂದು ಸಲ, ಮಳೆ ಹಿಂದೆ ಸರಿದ ಮೇಲೆ ಹಗುರವಾಗಿ ಇನ್ನೊಂದು ಸಲ. ಸಂಕ್ರಾಂತಿ ಆದ ಮೇಲೆ ಹೂವು ಬರೋಕೆ ಶುರು, ಆಗ ಮುಟ್ಟಬೇಡಿ, ಹಣ್ಣು ಹೋಗುತ್ತೆ. ಕತ್ತರಿಸೋ ಮುಂಚೆ ಹಕ್ಕಿ ಗೂಡು ಇದೆಯಾ ನೋಡಿ, ಮರಿ ಇದ್ರೆ ಆ ಜಾಗ ಹದಿನೈದು ದಿನ ಬಿಡಿ. ನಿಮ್ಮ ಬೆಳೆಯ ಹುಳ ತಿನ್ನೋದು ಅವೇ. ಕವಳೆ ಕತ್ತರಿಸುವಾಗ ಬಿಳಿ ಹಾಲು ಬರುತ್ತೆ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಕತ್ತರಿಸಿದ ಮುಳ್ಳನ್ನ ದಾರಿಯಲ್ಲಿ ಬಿಟ್ಟರೆ ಟ್ರ್ಯಾಕ್ಟರ್ ಟೈರೂ ಉಳಿಯಲ್ಲ. ಬೇಲಿ ಬುಡದಲ್ಲಿ ಸಂದಿ ಇರೋ ಕಡೆ ತುರುಕಿ.

ಬೇಲಿ ಏನನ್ನ ತಡೆಯಲ್ಲ

ದನ, ಮೇಕೆ, ಕುರಿ, ಬೀದಿನಾಯಿ, ತೆಂಗಿನಕಾಯಿ ಕಳ್ಳರು: ಬುಡ ದಪ್ಪ ಇದ್ರೆ ತಡೆಯುತ್ತೆ. ಕಾಡುಹಂದಿ ತೆಳ್ಳಗಿರೋ ಜಾಗ ಹುಡುಕಿ ನುಗ್ಗುತ್ತೆ, ಹಾಗಾಗಿ ಬುಡದಲ್ಲಿ ಎರಡು ಎಳೆ ತಂತಿ ಸೇರಿಸಿ. ಕೋತಿ, ನವಿಲು, ಆನೆಗೆ ಈ ಬೇಲಿ ಲೆಕ್ಕಕ್ಕಿಲ್ಲ. ಆನೆ ಓಡಾಡೋ ಜಾಗದಲ್ಲಿ ಅರಣ್ಯ ಇಲಾಖೆಯವರ ಜೊತೆ ಮಾತಾಡಿಯೇ ಮುಂದುವರಿಯಿರಿ.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ಹಂದಿ ಕಾಟ ತಾಳಲಾರದೆ ಪಂಪ್‌ಸೆಟ್ ಲೈನಿಂದ ನೇರ ಕರೆಂಟ್ ಎಳೆದು ತಂತಿಗೆ ಕೊಡೋರಿದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಬಲಿಯಾದವರ ಸುದ್ದಿ ಪೇಪರಲ್ಲಿ ಓದ್ತಾನೇ ಇದ್ದೀವಿ. ರಾತ್ರಿ ನೀರು ಕಟ್ಟೋಕೆ ಹೋದ ಮನೆಯವರೇ ಸತ್ತಿದ್ದಾರೆ, ಪಕ್ಕದ ಹೊಲದವರು ಸತ್ತಿದ್ದಾರೆ. ಕಾನೂನಿನ ಪ್ರಕಾರ ಅಪರಾಧ, ಜೈಲು ಖಂಡಿತ. ಒಂದು ಮೂಟೆ ಜೋಳಕ್ಕೆ ಒಂದು ಜೀವ ಯಾವ ಲೆಕ್ಕದಲ್ಲೂ ಸರಿ ಹೋಗಲ್ಲ. ಸೋಲಾರ್ ಬೇಲಿಯಲ್ಲಿ ಎನರ್ಜೈಸರ್ ಇರುತ್ತೆ, ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತೆ, ಅದು ಬೇರೆ. ಅದನ್ನ ಹಾಕೋದಾದ್ರೂ ಗಿಡದ ಬೇಲಿಯಿಂದ ಮೂರು ಅಡಿ ದೂರ ಇರಲಿ. ಕೊಂಬೆ ತಂತಿಗೆ ತಾಗಿದ್ರೆ ಕರೆಂಟ್ ನೆಲಕ್ಕೆ ಇಳಿದು ಬೇಲಿ ಕೆಲಸ ಮಾಡಲ್ಲ.

ಹಾವು ಬರಲ್ವಾ ಅಂತ ಎಲ್ಲರೂ ಕೇಳ್ತಾರೆ. ದಟ್ಟ ಬೇಲಿ ಇದ್ದ ಕಡೆ ಇಲಿ ಇರುತ್ತೆ, ಇಲಿ ಇದ್ದ ಕಡೆ ಹಾವು ಬರುತ್ತೆ. ಬೇಲಿಯ ಒಳಬದಿ ಮೂರು ಅಡಿ ಜಾಗ ಹುಲ್ಲಿಲ್ಲದೆ ಚೊಕ್ಕ ಇಟ್ಕೊಳ್ಳಿ. ರಾತ್ರಿ ಟಾರ್ಚು, ಕಾಲಿಗೆ ಬೂಟು ಇಲ್ಲದೆ ಬೇಲಿ ಹತ್ತಿರ ಹೋಗಬೇಡಿ. ಮನೆ ಬಾಗಿಲಿಗೆ ಹತ್ತಿಕೊಂಡು ದಟ್ಟ ಬೇಲಿ ಬೇಡ.

ನೆರಳು, ಬೇರಿನ ಪೈಪೋಟಿಯೂ ಇದೆ. ಬೇಲಿ ಪಕ್ಕದ ಒಂದೆರಡು ಸಾಲು ರಾಗಿ ಸೊರಗುತ್ತೆ. ಐದು ಅಡಿಗಿಂತ ಎತ್ತರ ಬಿಡದಿದ್ರೆ ಆ ನಷ್ಟ ಚಿಕ್ಕದು. ನಾನು ಆ ಪಟ್ಟೆಯಲ್ಲಿ ಹುರುಳಿ ಹಾಕ್ತೀನಿ.

ಬೇಲಿಯಿಂದ ಏನು ಸಿಗುತ್ತೆ

ಗ್ಲಿರಿಸಿಡಿಯಾ ಸೊಪ್ಪು ವರ್ಷಕ್ಕೆ ಮೂರು ಸಲ ಕಡಿದು ತೆಂಗಿನ ಬುಡಕ್ಕೆ ಹಾಕ್ತೀನಿ. ಮೇಕೆಗೆ ಕೊಡೋದಾದ್ರೆ ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ, ಒಂದೇ ಸಲ ಹೊಟ್ಟೆ ತುಂಬ ಹಾಕಬೇಡಿ.

ಕವಳೆ ಮೂರನೇ ವರ್ಷದಿಂದ ಕಾಯಿ ಬಿಡ್ತು. ಹಸಿ ಕಾಯಿ ಉಪ್ಪಿನಕಾಯಿಗೆ, ಹಣ್ಣು ತಿನ್ನೋಕೆ, ಜಾಮಿಗೆ. ಬೇಕರಿ ಕೇಕ್ ಮೇಲೆ ಇಡೋ ಕೆಂಪು ಚೆರ್ರಿ ಇದೆಯಲ್ಲ, ಅದು ಎಷ್ಟೋ ಸಲ ಬಣ್ಣದ ಸಕ್ಕರೆ ಪಾಕದಲ್ಲಿ ಅದ್ದಿದ ಕವಳೆಯೇ. ಹಾಗಂತ ಇದರಿಂದ ಲಕ್ಷ ದುಡೀರಿ ಅಂತ ನಾನು ಹೇಳಲ್ಲ. ಕತ್ತರಿಸಿದ ಬೇಲಿಯಲ್ಲಿ ಹಣ್ಣು ತೋಟದ ಗಿಡದಷ್ಟು ಬರಲ್ಲ, ಮುಳ್ಳಿನ ನಡುವೆ ಕೀಳೋ ಕೂಲಿಯೂ ಜಾಸ್ತಿ. ಮನೆಗಾಗಿ, ಸಂತೆಗೊಂದೆರಡು ಬುಟ್ಟಿ, ಅಷ್ಟು ಸಾಕು. ಬೇಲಿಯ ಲಾಭ ಅದು ಉಳಿಸಿದ ಬೆಳೆಯಲ್ಲಿದೆ.

ನಮ್ಮಲ್ಲಿ ಇನ್ನೂ ಒಂದು ಲಾಭ ಆಯ್ತು. ದೊಡ್ಡಮ್ಮ ಅವರ ಕಡೆ ಕಾಯಿ ಉಪ್ಪಿನಕಾಯಿ ಹಾಕಿ ಒಂದು ಭರಣಿ ನಮ್ಮ ಮನೆಗೆ ಕಳಿಸ್ತಾರೆ. ಉಳುಮೆ ಟೈಮಲ್ಲಿ ಬದುವಿನ ಮಾತು ಬಂದು ನಾಲ್ಕು ವರ್ಷ ಆಯ್ತು.

ಈ ವಾರ ಮಾಡಬೇಕಾದ್ದು

1. ಟೇಪ್ ಹಿಡಿದು ಸುತ್ತಳತೆ ಅಳೆಯಿರಿ. ತಂತಿ ಲೆಕ್ಕ, ಗಿಡದ ಲೆಕ್ಕ ಎರಡನ್ನೂ ಪಕ್ಕಪಕ್ಕ ಬರೆಯಿರಿ.
2. ಬಾಂದು ಕಲ್ಲು ಹುಡುಕಿ. ಸಿಗದಿದ್ರೆ ಹದ್ದುಬಸ್ತು ಅರ್ಜಿ ಈಗಲೇ ಹಾಕಿ, ಸರ್ವೆಯರ್ ಬರೋಕೆ ಸಮಯ ಹಿಡಿಯುತ್ತೆ.
3. ಪಕ್ಕದ ಹೊಲದವರನ್ನ ಕಾಗದ ಬರೋ ಮುಂಚೆ ನೀವೇ ಹೋಗಿ ಮಾತಾಡಿಸಿ. ನೋಟಿಸ್ ನೋಡಿ ತಿಳಿಯೋದಕ್ಕೂ, ಬಾಯಲ್ಲಿ ಕೇಳಿ ತಿಳಿಯೋದಕ್ಕೂ ಬಹಳ ವ್ಯತ್ಯಾಸ ಇದೆ.
4. ಊರಲ್ಲಿ ಹಣ್ಣು ಬಿಡೋ ಕವಳೆ ಗಿಡ ಎಲ್ಲಿದೆ ಗುರುತು ಮಾಡ್ಕೊಳ್ಳಿ, ಮಾಗಿದ ತಕ್ಷಣ ಬೀಜ ಬೇಕಾಗುತ್ತೆ.
5. ಎಲ್ಲಾ ಸುತ್ತು ಒಂದೇ ವರ್ಷ ಆಗದಿದ್ರೆ, ದನ ನುಗ್ಗೋ ಬದಿ ಮೊದಲು ಶುರು ಮಾಡಿ. ವರ್ಷಕ್ಕೊಂದು ಬದಿ ಆದ್ರೂ ನಾಲ್ಕು ವರ್ಷಕ್ಕೆ ಸುತ್ತು ಮುಗಿಯುತ್ತೆ.

ಮುಂಗಾರು ಹಿಡಿಯೋಕೆ ಮುಂಚೆ ಕಾಲುವೆ ತೆಗೆದಿಟ್ಟರೆ ಮೊದಲ ಮಳೆ ನೀರು ಅದರಲ್ಲೇ ಇಂಗುತ್ತೆ. ಆಮೇಲೆ ಗಿಡ ತನ್ನ ಕೆಲಸ ತಾನು ಮಾಡುತ್ತೆ, ನೀವು ಕತ್ತರಿ ಮರೀಬೇಡಿ.